ಹೊಲದಲ್ಲಿ ಇಬ್ಬರು

ಅವ್ವಾ,

ಅಕ್ಷರ ಬಾರದ ನಿನಗೆ ಕಾಗದ ಬರೆಯಲು ಕುಳಿತಿದ್ದೇನೆ, ನಗಬೇಡ. ಬದುಕಿದ್ದಾಗ ನಿನ್ನ ಹೆಸರಿಗೆ ಬಂದ ಲಗ್ನಪತ್ರಿಕೆಯಿಂದ ಹಿಡಿದು ಪಂಚಾಯಿತಿಯ ಚೀಟಿಯವರೆಗೆ ಎಲ್ಲವನ್ನೂ ನಾನೇ ಓದಿ ಹೇಳುತ್ತಿದ್ದೆ. ಇದನ್ನು ಯಾರು ಓದಿ ಹೇಳಬೇಕು? ಅಪ್ಪ ಅಲ್ಲಿ ನಿನ್ನ ಜೊತೆಗಿದ್ದರೆ ಅವನೇ ಓದಲಿ. ಮೂರನೆಯ ಇಯತ್ತೆಯವರೆಗೆ ಶಾಲೆ ಕಂಡವನು, ಬೆರಳಿಟ್ಟು ಅಕ್ಷರ ಕೂಡಿಸಿಕೊಂಡು ಓದಬಲ್ಲ. ಆದರೆ ಅಪ್ಪ ನಿನ್ನ ಜೊತೆಗಿದ್ದಾನೆಯೇ? ಅವನು ಹೋದ ಮೇಲೆ ನೀನು ಕೇಳಿದ್ದು ಇದೊಂದೇ ಪ್ರಶ್ನೆ. ಅದಕ್ಕೆ ನಾನು ಬೈಬಲನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿ ನೀನು ಮಲಗಬೇಕಾಗಿದ್ದ ಜಾಗ ಬಿಟ್ಟು ಬೇರೆ ಕಡೆ ಮಲಗಿದೆ. ನೀನು ಹೋಗಿ ನಾಲ್ಕು ತಿಂಗಳಾಯಿತು. ಇದ್ದಾಗ ಹೇಳಲಾಗದ್ದನ್ನು ಈಗ ಹೇಳುತ್ತಿದ್ದೇನೆ.

ನೀವಿಬ್ಬರೂ ಕೂಡಿದ ಕಥೆಯನ್ನು ನೀನು ರೊಟ್ಟಿ ಬಡಿಯುತ್ತ ಹೇಳುತ್ತಿದ್ದೆ. ನವಿಲುತೀರ್ಥದ ಅಣೆಕಟ್ಟಿನಿಂದ ಕಾಲುವೆ ತೋಡುವ ಕಾಲ. ರಾಮದುರ್ಗದ ಕಡೆಯಿಂದ ನೀನು, ನಿನ್ನ ಗೆಳತಿ ರೂತವ್ವ ಮಣ್ಣಿನ ಬುಟ್ಟಿ ಹೊರಲು ಬಂದವರು. ದೊಡವಾಡದಿಂದ ಅಪ್ಪ ಬಂಡಿ ಕಟ್ಟಿಕೊಂಡು ಕಲ್ಲು ಹೇರಲು ಬಂದವನು. ನೀವು ನಡೆಯುವ ದಾರಿಗೇ ಕಲ್ಲು ಸುರಿದ ಎಂದು ನೀನು ಅವನಿಗೆ ಎಲ್ಲರೆದುರು ಬೈದೆಯಂತೆ. ಮರುದಿನ ಎಲ್ಲರಿಗಿಂತ ಮೊದಲು ಬಂದು ಆ ಕಲ್ಲನ್ನೆಲ್ಲ ಪಕ್ಕಕ್ಕೆ ಸರಿಸಿ ನಿಂತಿದ್ದನಂತೆ. “ಅಷ್ಟಕ್ಕ ಮರುಳಾದ್ಯಾ ಬೇ?” ಎಂದು ನಾನು ಕೇಳಿದರೆ, “ಬೈಸಿಕೊಂಡ ಮ್ಯಾಲ ಕಲ್ಲ ಸರಿಸೋ ಗಂಡಸರು ಎಷ್ಟ ಮಂದಿ ಅದಾರ, ಹೇಳು ನೋಡೂಣು” ಎನ್ನುತ್ತಿದ್ದೆ. ನೀನು ಕ್ರೈಸ್ತರ ಮನೆಯ ಹುಡುಗಿ. ಅವನು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಒಕ್ಕಲುತನದ ಮನೆಯವನು. ಎರಡೂ ಕಡೆಯವರು ಮುಖ ತಿರುಗಿಸಿದರು. ಅಪ್ಪನ ಅಣ್ಣಂದಿರು ಅವನ ಪಾಲಿನ ನಾಲ್ಕು ಎಕರೆ ಎರೆಹೊಲ ಕೊಟ್ಟು, ನಮ್ಮ ಮನೆಯಲ್ಲಿ ನೀರು ಕುಡಿಯುವುದನ್ನು ಬಿಟ್ಟರು.

ನನಗೆ ಬುದ್ಧಿ ತಿಳಿದಾಗಿನಿಂದ ದೊಡವಾಡದ ಆ ಮನೆಯ ಗೋಡೆಯಲ್ಲಿ ಎರಡು ಮಾಡಗಳು. ಒಂದರಲ್ಲಿ ಅಪ್ಪನ ವಿಭೂತಿ ಗಟ್ಟಿ, ಇನ್ನೊಂದರಲ್ಲಿ ನಿನ್ನ ಬೈಬಲ್. “ನಿನ್ನ ದೇವರು ನಿನಗ, ನನ್ನ ದೇವರು ನನಗ, ಊಟ ಮಾತ್ರ ಒಂದ ಗಂಗಾಳದಾಗ” ಎನ್ನುತ್ತಿದ್ದ ಅಪ್ಪ. ನನಗೆ ನೀಲವ್ವ ಎಂದು ಹೆಸರಿಟ್ಟವನೂ ಅವನೇ, ನೀನು ಬೇಡ ಅನ್ನಲಿಲ್ಲ. ಭಾನುವಾರ ನಮ್ಮಿಬ್ಬರನ್ನು ಬಸ್ಸಿನಲ್ಲಿ ಬೈಲಹೊಂಗಲದ ಚರ್ಚಿಗೆ ಕರೆದುಕೊಂಡು ಬರುತ್ತಿದ್ದ, ತಾನು ಮಾತ್ರ ಹೊರಗೆ ಬೇವಿನ ಗಿಡದ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದ. ಕಿಟಕಿಯಲ್ಲಿ ಕೇಳಿಸಿಕೊಂಡದ್ದಕ್ಕೆ ವಾಪಸ್ ಬಸ್ಸಿನಲ್ಲಿ ತನ್ನದೊಂದು ಮಾತು ಸೇರಿಸುತ್ತಿದ್ದ. “ತೊಂಬತ್ತೊಂಬತ್ತು ಕುರಿ ಅಡವ್ಯಾಗ ಬಿಟ್ಟ ಒಂದರ ಬೆನ್ನ ಹತ್ತತಾನಂದ್ರ, ಅಂವ ಎಂಥಾ ಕುರಿ ಕಾಯಾಂವ? ತಾಯಿ ಮಾಡೂ ಕೆಲಸ ಅದು.” ಅದನ್ನು ಕೇಳಿ ನೀನು ಬಸ್ಸಿನಲ್ಲೇ ಕಣ್ಣೊರೆಸಿಕೊಂಡೆ. ಪಾಸ್ಟರರ ಒಂದು ಗಂಟೆಯ ಉಪದೇಶಕ್ಕೆ ನೀನು ಕಣ್ಣು ಒರೆಸಿಕೊಂಡದ್ದನ್ನು ನಾನು ಕಂಡಿಲ್ಲ.

ನಾನು ಎರಡನೆಯ ಇಯತ್ತೆಗೆ ಬಂದ ವರ್ಷ ನೀನು ಬೈಬಲನ್ನು ತಂದು ನನ್ನ ತೊಡೆಯ ಮೇಲಿಟ್ಟು, “ಓದು” ಎಂದೆ. ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ದಿನಕ್ಕೊಂದು ಅಧ್ಯಾಯ. ನಾನು ಓದುವುದು, ನೀನು ಕೈಕೆಲಸ ಮಾಡುತ್ತ ಕೇಳುವುದು, ನಡುವೆ ತಡೆದು “ಅಂದ್ರ ಏನು?” ಎನ್ನುವುದು. ಬೀಜ ಬಿತ್ತುವವನ ಕಥೆಯ ದಿನ ನಿನಗೆ ಬಂದ ಸಿಟ್ಟು ನೆನಪಿದೆಯೇ? “ಇಂವ ಎಂಥಾ ಒಕ್ಕಲಿಗ? ದಾರಿಮ್ಯಾಲ ಚೆಲ್ಲತಾನ, ಕಲ್ಲಮ್ಯಾಲ ಚೆಲ್ಲತಾನ, ಮುಳ್ಳಾಗ ಚೆಲ್ಲತಾನ. ಕೂರಿಗಿ ಇರಲಿಲ್ಲೇನು ಅವನ ಮನ್ಯಾಗ?” ಎಂದೆ. ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ ಅಪ್ಪ ಅಲ್ಲಿಂದಲೇ, “ಬೀಜ ಕಡಿಮಿ ಇದ್ದಾಂವ ಕೂರಿಗಿ ಹೂಡತಾನ. ಅವನ ಕಡೆ ಮಸ್ತ್ ಐತಿ, ಚೆಲ್ಲತಾನ ಬಿಡು” ಎಂದ. ಅರ್ಥ ಹೇಳುವ ಪುಸ್ತಕಗಳನ್ನು ನಾನು ಆಮೇಲೆ ಎಷ್ಟೋ ಓದಿದೆ. ಅಪ್ಪನ ಈ ಮಾತು ಯಾವುದರಲ್ಲೂ ಸಿಗಲಿಲ್ಲ.

ಮಾರ್ಥಳ ಕಥೆಯಲ್ಲಂತೂ ನೀನು ಯೇಸುಸ್ವಾಮಿಯನ್ನೇ ತರಾಟೆಗೆ ತೆಗೆದುಕೊಂಡೆ. ತಂಗಿ ಪಾದದ ಹತ್ತಿರ ಕುಳಿತು ಕೇಳುತ್ತಾಳೆ, ಅಕ್ಕ ಒಬ್ಬಳೇ ಒಳಗೆ ದುಡಿಯುತ್ತಾಳೆ, ಹೊಗಳಿಕೆ ಮಾತ್ರ ತಂಗಿಗೆ. “ಎಲ್ಲಾರೂ ಪಾದದ ಹತ್ರ ಕುಂತ್ರ ರೊಟ್ಟಿ ಬಡಿಯೂರು ಯಾರು? ಹಸಗೊಂಡು ಹೋಗತಿದ್ನೇನು ಅಂವ?” ಎಂದು ಕೇಳಿ, ಒಂದು ರೊಟ್ಟಿ ತಟ್ಟಿ ಮುಗಿಸಿ, ಮೆಲ್ಲಗೆ, “ಆದ್ರ ನನಗೂ ಒಂದ ದಿನಾ ಯಾರರ ಕುಂದ್ರ ಅಂದಿದ್ರ ಕುಂದರತಿದ್ದೆ ನೋಡು” ಎಂದೆ. ನನಗೆ ಅರ್ಥ ವಿವರಿಸುವ ಚಪಲ. ಬಾಯಿ ತೆರೆದರೆ, “ಅದು ನಿಮ್ಮ ಸಾಲಿ ಮಾತು, ಇರಲಿ, ಮುಂದ ಓದು” ಎನ್ನುತ್ತಿದ್ದೆ. ಕಠಿಣ ಮಾತಿಗೆ ನೀನು ಹೆದರಿದ್ದನ್ನು ನಾನು ನೋಡಿರಲಿಲ್ಲ. ಜಗಳ ಆಡುತ್ತಿದ್ದೆ, ಎರಡು ದಿನ ಮುನಿಸಿಕೊಳ್ಳುತ್ತಿದ್ದೆ, ಮೂರನೆಯ ದಿನ ಹೊಲದಿಂದ ಬರುವಾಗ ಅದರ ಅರ್ಥ ಹಿಡಿದುಕೊಂಡೇ ಬರುತ್ತಿದ್ದೆ. ಇದನ್ನು ನಾನು ಮರೆಯಬಾರದಾಗಿತ್ತು.

ಅಪ್ಪ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತವನು ಆಸ್ಪತ್ರೆಯ ಗಾಡಿ ಬರುವುದರೊಳಗೆ ಹೋಗಿಬಿಟ್ಟ. ಅದಕ್ಕೂ ಒಂದು ವರ್ಷ ಮೊದಲೇ ಅವನು ತನ್ನ ಅಣ್ಣನ ಮಗ ಈರಪ್ಪನನ್ನು ಹೊಲದ ಬದುವಿಗೆ ಕರೆದೊಯ್ದು ತನ್ನ ಸಮಾಧಿಗೆ ಜಾಗ ತೋರಿಸಿದ್ದ. “ನನ್ನನ್ನ ಇಲ್ಲಿ ಕೂಡಿಸ್ರಿ. ಬಾಜೂಕ ನಿಮ್ಮ ಕಾಕಿಗಿ ಜಾಗಾ ಬಿಡ್ರಿ. ಆಕಿ ತನ್ನ ಪದ್ಧತಿಲೆ ಮಲಗಲಿ, ನಾ ನನ್ನ ಪದ್ಧತಿಲೆ ಕುಂದರತೇನಿ.” ಅಷ್ಟು ವರ್ಷ ದೂರವಿದ್ದ ಅಣ್ಣಂದಿರ ಮನೆಯವರು ಬಂದು, ವಿಭೂತಿ ಹಚ್ಚಿ, ಸ್ವಾಮಿಗಳನ್ನು ಕರೆಸಿ, ಅವನನ್ನು ಕೂಡಿಸಿ ಮಣ್ಣು ಕೊಟ್ಟರು. ಈರಪ್ಪ ಪಕ್ಕದಲ್ಲಿ ನಾಲ್ಕು ಕಲ್ಲಿಟ್ಟು ನಿನ್ನ ಜಾಗ ಗುರುತು ಮಾಡಿದ. ಆ ನಾಲ್ಕು ಎಕರೆ ಅವನೇ ಪಾಲಿಗೆ ಮಾಡುತ್ತಿದ್ದರೂ ಆ ಕಲ್ಲುಗಳ ನಡುವೆ ಕೂರಿಗೆ ಹೊಡೆಯಲಿಲ್ಲ.

ನಿನ್ನನ್ನು ಬೈಲಹೊಂಗಲಕ್ಕೆ ನಮ್ಮ ಮನೆಗೆ ಕರೆತಂದ ವಾರ ಪಾಸ್ಟರರು ಸಾಂತ್ವನ ಹೇಳಲು ಬಂದರು. ಕಿತ್ತೂರಿನ ಕಡೆಯವರು, ಮೆತ್ತನೆ ಮಾತಿನ ಒಳ್ಳೆಯ ಮನುಷ್ಯ. ನೀನು ಸುತ್ತುಬಳಸಿ ಕೇಳುವವಳಲ್ಲ. “ಪಾಸ್ಟರ್ರ, ನಮ್ಮ ಮನೆಯವರು ಈಗ ಎಲ್ಲಿ ಅದಾರ್ರಿ?” ಎಂದೆ. ಅವರು ಕೈಯಲ್ಲಿದ್ದ ಬೈಬಲನ್ನು ತೆರೆದು ಮತ್ತೆ ಮುಚ್ಚಿದರು. “ನಂಬಿದವರಿಗೆ ನಿತ್ಯಜೀವ ಐತಿ ಅಂತ ವಾಕ್ಯ ಹೇಳತೈತ್ರಿ ಅವ್ವಾರ. ಉಳದವರದು... ಬರ್ರಿ, ಪ್ರಾರ್ಥನಾ ಮಾಡೂಣು.” ಅವರು ಅರ್ಧಕ್ಕೆ ಬಿಟ್ಟ ಆ ಮಾತು ನಮ್ಮ ಮನೆಯಲ್ಲೇ ಉಳಿದುಕೊಂಡಿತು. ನೀನು ಉಣ್ಣುವುದು ಅರ್ಧ ರೊಟ್ಟಿಗೆ ಇಳಿಯಿತು. ಸಂಜೆಯ ಓದು ನಿಂತಿತು. ಒಂದು ದಿನ ನನ್ನನ್ನು ಕೇಳಿದೆ: “ನೀಲಾ, ಆ ಪುಸ್ತಕದಾಗ ಎಲ್ಲೆರ ಬರದೈತೇನು? ನಲವತ್ತೈದ ವರ್ಷ ಕೂಡೇ ದುಡದೇವಿ. ಅಲ್ಲಿ ನನ್ನನ್ನ ಒಳಗ ಕರದು, ಅವನ್ನ ಮತ್ತ ಬೇವಿನ ಗಿಡದ ಬುಡಕ ಕುಂದರಸತಾರೇನು?” ನಾನು ಹುಡುಕುತ್ತೇನೆ ಎಂದೆ. ಹುಡುಕಿದೆ ಕೂಡ. ಸಿಕ್ಕದ್ದೆಲ್ಲ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಭಯ.

ಮತ್ತೆ ಓದು ಶುರುವಾದದ್ದು ಮತ್ತಾಯನ ಸುವಾರ್ತೆಯಿಂದ, ನೀನೇ ಕೇಳಿಕೊಂಡದ್ದಕ್ಕೆ. ಇಪ್ಪತ್ತನಾಲ್ಕನೆಯ ಅಧ್ಯಾಯದ ಸಂಜೆ ನೀನು ಮೊರದಲ್ಲಿ ಮೆಂತ್ಯ ಸೊಪ್ಪು ಸೋಸುತ್ತಿದ್ದೆ. ಓದಿ ಪಳಗಿದವರ ಕಣ್ಣು ಬಾಯಿಗಿಂತ ಒಂದು ಸಾಲು ಮುಂದಿರುತ್ತದೆ. ಆ ಕಣ್ಣಿಗೆ ಮುಂದಿನ ಸಾಲು ಬಿತ್ತು. ಹೊಲದಲ್ಲಿ ಇಬ್ಬರು ಇರುತ್ತಾರೆ, ಒಬ್ಬನನ್ನು ಒಯ್ಯುತ್ತಾರೆ, ಇನ್ನೊಬ್ಬನನ್ನು ಬಿಡುತ್ತಾರೆ ಎಂಬ ಸಾಲು. ಮೊದಲೂ ಹತ್ತಾರು ಸಲ ನಿನಗೆ ಓದಿದ ಸಾಲೇ. ಇಬ್ಬರೂ ಬದುಕಿದ್ದಾಗ ಅದನ್ನು ಯಾರು ಗಮನಿಸುತ್ತಾರೆ? ನಿನ್ನ ಮುಖ ನೋಡಿದೆ. ಹೊಲ ಎಂಬ ಮಾತು ಬಂದ ಕೂಡಲೇ ನೀನು ತಲೆ ಎತ್ತಿದ್ದೆ. ನನ್ನ ಬಾಯಿ, “ಇಬ್ಬರನ್ನೂ ಒಯ್ಯುತ್ತಾರೆ” ಎಂದು ಓದಿತು.

ನಿನ್ನ ಕೈ ನಿಂತಿತು. “ಮತ್ತೊಮ್ಮೆ ಓದು” ಎಂದೆ. ಓದಿದೆ. “ಇಬ್ಬರ್ನೂನಾ?” “ಹೂಂ ಬೇ, ಇಬ್ಬರ್ನೂ.” ನೀನು ಹಣೆಗೆ ಕೈಹಚ್ಚಿ, “ಮದಲ ಬ್ಯಾರೆ ಕೇಳಿದ್ದೆ ಅನಸತೈತಿ” ಎಂದೆ. ಅಲ್ಲಿಗಾದರೂ ನಿಲ್ಲಿಸಬಹುದಾಗಿತ್ತು. “ನೀ ತಪ್ಪ ಕೇಳಿರಬೇಕು. ವಯಸ್ಸಾತು ನಿನಗ” ಎಂದೆ. ಸುಳ್ಳು ಹೇಳಿದ್ದಕ್ಕಿಂತ ಹೆಚ್ಚಿಗೆ ಈ ಮಾತು ನನ್ನನ್ನು ಚುಚ್ಚುತ್ತದೆ. ಅಕ್ಷರವಿಲ್ಲದ ನಿನ್ನ ಹತ್ತಿರ ಇದ್ದ ಆಸ್ತಿಯೆಂದರೆ ನೆನಪೊಂದೇ. ನಾನು ಅದರ ಮೇಲೂ ಕೈ ಹಾಕಿದೆ. ನೀನು ನಂಬಿದೆ. ಅಪ್ಪ ಹೋದ ಮೇಲೆ ಮೊದಲ ಸಲ ಬಾಯಿ ಬಿಟ್ಟು ಅತ್ತೆ, ಆಮೇಲೆ ಎದ್ದು ಮುಖ ತೊಳೆದುಕೊಂಡು ಎರಡು ರೊಟ್ಟಿ ಉಂಡೆ. ನೀನು ಉಣ್ಣುವುದನ್ನು ನೋಡಿ, ಇದರಲ್ಲಿ ಏನು ತಪ್ಪು ಎಂದು ನನಗೆ ನಾನೇ ಹೇಳಿಕೊಂಡೆ. ಹಸಿದವಳಿಗೆ ಉಣ್ಣಿಸಿದ್ದು ಪಾಪವೇ?

ನನ್ನ ಉದ್ಯೋಗ ಏನು ಅವ್ವಾ? ಶಾಲೆಯಲ್ಲಿ ಕನ್ನಡ ಅಕ್ಕೋರು. ಚಿತ್ರ ನೋಡಿ ಅಂದಾಜಿನ ಮೇಲೆ ಪಾಠ ಓದುವ ಮಕ್ಕಳನ್ನು ನಿಲ್ಲಿಸಿ, “ಪುಸ್ತಕದಾಗ ಇದ್ದದ್ದ ಓದು, ನಿನ್ನ ತಲ್ಯಾಗ ಇದ್ದದ್ದ ಬ್ಯಾಡ” ಎಂದು ಬೈಯುತ್ತೇನೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಎಷ್ಟೋ ಸಲ ನಿಜ ಹೇಳಿಬಿಡಬೇಕು ಎಂದುಕೊಂಡು ಮನೆಗೆ ಬರುತ್ತಿದ್ದೆ. ನೀನು ಬಾಗಿಲಲ್ಲಿ ಕುಳಿತು ಪಕ್ಕದ ಮನೆಯವರ ಜೊತೆ ನಗುತ್ತಿರುತ್ತಿದ್ದೆ. ನಾಳೆ ಹೇಳಿದರಾಯಿತು ಎಂದು ಒಳಗೆ ಹೋಗುತ್ತಿದ್ದೆ. ಆ ನಾಳೆ ಆರು ವರ್ಷ ಬರಲಿಲ್ಲ.

ನಿನ್ನ ಹಳೆಯ ಗೆಳತಿ, ಕಟಕೋಳದ ರೂತವ್ವ ಚಿಗವ್ವನ ಗಂಡ ತೀರಿಕೊಂಡ ಸುದ್ದಿ ಬಂದಾಗ ನಾವಿಬ್ಬರೂ ಹೋಗಿದ್ದೆವು. ಅವಳದೂ ನಿನ್ನಂಥದೇ ಸಂಸಾರ. ಅವಳು ಚರ್ಚಿಗೆ, ಗಂಡ ಗುಡಿಗೆ. ಅವನನ್ನೂ ಹೊಲದಲ್ಲೇ ಮಣ್ಣು ಮಾಡಿದ್ದರು. ನೀನು ಅವಳ ಕೈ ಹಿಡಿದುಕೊಂಡು, “ರೂತಾ, ಅಳಬ್ಯಾಡ. ಬರದೈತಿ. ಹೊಲದಾಗಿನ ಇಬ್ಬರ್ನೂ ಒಯ್ಯತಾನಂತ ಬರದೈತಿ. ನಮ್ಮ ನೀಲಾ ಓದ್ಯಾಳ” ಎಂದೆ. ರೂತವ್ವ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಎರಡೂ ಕೈಯಿಂದ ನನ್ನ ಮುಖ ನೇವರಿಸಿ ನೆಟಿಕೆ ಮುರಿದಳು.

ಹೋದ ವರ್ಷ ನಿನಗೆ ಉಸಿರಾಟ ಕಷ್ಟವಾದಾಗ ಪಾಸ್ಟರರು ನಿಧಾನವಾಗಿ ಆ ವಿಷಯ ತೆಗೆದರು. ಚರ್ಚಿನ ಸ್ಮಶಾನದಲ್ಲೇ ಆದರೆ ಚೆನ್ನ, ಸಭೆಯವರೆಲ್ಲ ಬಂದು ಪ್ರಾರ್ಥನೆ ಮಾಡಲು ಅನುಕೂಲ ಎಂದರು. ಒತ್ತಾಯ ಮಾಡಲಿಲ್ಲ. ನೀನು ಎರಡು ದಿನ ಯೋಚಿಸಿದೆ. ಮೂರನೆಯ ದಿನ ನನ್ನನ್ನು ಕರೆದು ಹೇಳಿದೆ: “ಇಬ್ಬರ್ನೂ ಒಯ್ಯತಾನಂದ ಮ್ಯಾಲ ಎಲ್ಲಿ ಮಲಗಿದ್ರೇನು? ಪಾಸ್ಟರ್ರ ಮನಸ್ಸ ಯಾಕ ನೋಯಿಸೂದು. ಇಲ್ಲೇ ಹಾಕ್ರಿ. ನಿಮ್ಮಪ್ಪ ಹೆಂಗೂ ಸಿಗತಾನ.” ಆಗ ನಾನು ನಿನ್ನ ಕಾಲು ಹಿಡಿದು, ಅವ್ವಾ, ಅಲ್ಲಿ ಹಾಗೆ ಬರೆದಿಲ್ಲ, ನೀನು ಹೊಲಕ್ಕೇ ಹೋಗು ಎನ್ನಬೇಕಾಗಿತ್ತು. ಉಸಿರಿಗೆ ಒದ್ದಾಡುತ್ತಿದ್ದ ನಿನಗೆ ಅದನ್ನು ಹೇಗೆ ಹೇಳಲಿ? ಹೇಳಿದರೆ ನಿನ್ನ ನಗು, ನಿನ್ನ ರೊಟ್ಟಿ, ನಿನ್ನ ನಿದ್ದೆ... ಹೂಂ ಎಂದೆ. ಅಷ್ಟೇ.

ನಿನ್ನನ್ನು ಮಣ್ಣಿಗೆ ಇಳಿಸುವ ದಿನ ಜಿಟಿಜಿಟಿ ಮಳೆ. ದೊಡವಾಡದಿಂದ ಈರಪ್ಪ ಬಂದಿದ್ದ. ಸ್ಮಶಾನದ ಗೇಟಿನ ಹೊರಗೆ ನಿಂತು, “ನೀಲಕ್ಕಾ, ಕಾಕಾ ಜಾಗಾ ಬಿಡಸ್ಯಾನಲ್ಲ?” ಎಂದು ಮೆಲ್ಲಗೆ ಕೇಳಿದ. “ಅವ್ವನ ಇಚ್ಛಾನ ಹಿಂಗಿತ್ತಪಾ” ಎಂದೆ. ಪ್ರಾರ್ಥನೆ ಚೆನ್ನಾಗಿ ನಡೆಯಿತು, ಹಾಡು ಹಾಡಿದರು, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ನನ್ನ ಹಿಡಿ ಮಾತ್ರ ಕೈ ಬಿಟ್ಟು ಬೀಳಲೇ ಇಲ್ಲ, ಒದ್ದೆ ಮಣ್ಣು, ಬೆರಳಿಗೆ ಮೆತ್ತಿಕೊಂಡಿತ್ತು. ಅಪ್ಪ ದೊಡವಾಡದ ಹೊಲದಲ್ಲಿ, ನೀನು ಬೈಲಹೊಂಗಲದ ಗೋಡೆಯೊಳಗೆ. ನಲವತ್ತೈದು ವರ್ಷ ಒಂದೇ ಗಂಗಾಳದಲ್ಲಿ ಉಂಡವರನ್ನು ನಾನು ಎರಡು ಊರಿಗೆ ಹಂಚಿದೆ.

ಹಿಂಗಾರಿ ಬಿತ್ತನೆಗೆ ಮೊದಲು ಈರಪ್ಪ ಫೋನು ಮಾಡಿದ. ಅವನಿಗೆ ಕೇಳಲು ಸಂಕೋಚ. ಬೆಳೆ, ಮಳೆ, ನನ್ನ ಶಾಲೆ ಎಲ್ಲ ಸುತ್ತು ಹಾಕಿ ಕೊನೆಗೆ, “ಕಾಕಿಗಿ ಬಿಟ್ಟ ಜಾಗಾ ಐತಲ್ಲಕ್ಕಾ, ಆ ಕಲ್ಲ ತಗದು ಈ ಸಲ ಬಿತ್ತಲ್ಯಾ? ಬ್ಯಾಡಂದ್ರ ಬಿಡತೇನಿ” ಎಂದ. ಇನ್ನು ಅಲ್ಲಿಗೆ ಯಾರು ಬರಬೇಕು? “ಬಿತ್ತಪಾ” ಎಂದೆ. ಫೋನು ಇಟ್ಟ ಮೇಲೆ ಶಾಲೆಗೆ ರಜೆ ಹಾಕಿ ಮನೆಯಲ್ಲಿ ಕುಳಿತೆ, ನಿನ್ನ ಬೈಬಲ್ ತೆಗೆದು ಆ ಪುಟ ಬಿಚ್ಚಿದೆ. ಆರು ವರ್ಷ ಆ ಪುಟ ಬಂದಾಗಲೆಲ್ಲ ದಾಟಿಕೊಂಡು ಹೋಗುತ್ತಿದ್ದವಳು, ಅಂದು ಮೇಲಿಂದ ಕೆಳಗೆ ಒಂದೊಂದೇ ಸಾಲು ಓದಿದೆ.

ಓದುತ್ತ ಓದುತ್ತ ನಾಚಿಕೆಯಾಯಿತು. ಯಾರನ್ನು ಒಯ್ಯುತ್ತಾರೆ, ಯಾರನ್ನು ಬಿಡುತ್ತಾರೆ ಎಂದು ಅಲ್ಲಿ ಹೇಳಿಯೇ ಇಲ್ಲ ಅವ್ವಾ. ನಂಬಿದವನನ್ನು ಒಯ್ದು ನಂಬದವನನ್ನು ಬಿಡುತ್ತಾರೆ ಎಂದೂ ಇಲ್ಲ. ಆ ದಿನ ಯಾವುದೆಂದು ತಂದೆಗೆ ಹೊರತು ಯಾರಿಗೂ ಗೊತ್ತಿಲ್ಲ, ಎಚ್ಚರವಾಗಿರಿ ಎಂಬುದೇ ಆ ಪುಟದ ಮಾತು. ನಾನು ಓದಿದ್ದು ಒಂದು ಸಾಲನ್ನಲ್ಲ, ನನ್ನ ಹೆದರಿಕೆಯನ್ನು. ಇದ್ದದ್ದನ್ನು ನಿನಗೆ ಓದಿದ್ದರೆ ಏನಾಗುತ್ತಿತ್ತು? ನೀನು ಸಿಟ್ಟಾಗುತ್ತಿದ್ದೆ, ಮೆಂತ್ಯದ ಮೊರ ಎತ್ತಿ ಒಗೆಯುತ್ತಿದ್ದೆಯೋ ಏನೋ. ಎರಡು ದಿನ ಮಾತು ಬಿಡುತ್ತಿದ್ದೆ. ಆಮೇಲೆ ಜಗಳಕ್ಕೆ ಇಳಿದು ಅದರಿಂದ ನಿನಗೆ ಬೇಕಾದ್ದನ್ನು ನೀನೇ ಬಿಡಿಸಿಕೊಳ್ಳುತ್ತಿದ್ದೆ. ಜೀವಮಾನವಿಡೀ ಹಾಗೆಯೇ ಮಾಡಿದವಳಲ್ಲವೇ ನೀನು? ನಿನಗೆ ತಾಳುವ ಶಕ್ತಿಯಿಲ್ಲ ಎಂದು ನಾನೇ ತೀರ್ಮಾನ ಮಾಡಿಬಿಟ್ಟೆ. ಕ್ಷಮಿಸು ಎನ್ನಲೂ ಬಾಯಿ ಬರುವುದಿಲ್ಲ.

ಆಗ ರೂತವ್ವ ನೆನಪಾದಳು. ನಿನ್ನ ಮಾತು ನಂಬಿ ಅವಳೂ ರಾಮದುರ್ಗದ ಚರ್ಚಿನ ಸ್ಮಶಾನಕ್ಕೆ ಒಪ್ಪಿಕೊಂಡಿದ್ದಳು. ಅವಳಿಗೂ ಎಂಬತ್ತು ಹತ್ತಿರ. ಹೋದ ಶನಿವಾರ ಶಾಲೆ ಬಿಟ್ಟ ಕೂಡಲೇ ನಿನ್ನ ಬೈಬಲನ್ನು ಚೀಲದಲ್ಲಿಟ್ಟುಕೊಂಡು, ಸವದತ್ತಿಯಲ್ಲಿ ಬಸ್ಸು ಬದಲಿಸಿ ಕಟಕೋಳಕ್ಕೆ ಹೋದೆ. ಅವಳು ಅಂಗಳದಲ್ಲಿ ಹೆಸರುಕಾಳು ಹಸನು ಮಾಡುತ್ತ ಕುಳಿತಿದ್ದಳು. ಮಗ ಸುರೇಶ ಎಮ್ಮೆಗೆ ಮೇವು ಹಾಕುತ್ತಿದ್ದ. ನೀರು ಕುಡಿಯುವ ಮೊದಲೇ ಹೇಳಿಬಿಟ್ಟೆ, ಕುಡಿದ ಮೇಲೆ ಧೈರ್ಯ ಉಳಿಯುವುದಿಲ್ಲ ಎಂದು.

“ಚಿಗವ್ವಾ, ಅವ್ವ ನಿನಗ ಹೇಳಿದ ವಾಕ್ಯ ಹಂಗ ಇಲ್ಲ. ಹೊಲದಾಗಿನ ಇಬ್ಬರ್ನೂ ಒಯ್ಯಂಗಿಲ್ಲ. ಒಬ್ಬರ್ನ ಒಯ್ಯತಾರ, ಒಬ್ಬರ್ನ ಬಿಡತಾರ. ಅವ್ವಗ ನಾನ ತಿರುವಿ ಓದಿದ್ದೆ.”

ಅವಳು ಮೊರ ಕೆಳಗಿಟ್ಟಳು. “ಅಕೀಗಿ ಗೊತ್ತಿತ್ತೇನು?”

“ಇಲ್ಲ. ಹಂಗ ಹೋದ್ಲು.”

“ನಿಮ್ಮವ್ವಗ ಓದಾಕ ಬರತಿರಲಿಲ್ಲ, ನನಗೂ ಬರಂಗಿಲ್ಲ. ಕಣ್ಣಿದ್ದಾಕಿ ನೀ ಒಬ್ಬಾಕಿ. ಕಣ್ಣಿದ್ದಾಕೀನ ಕೈ ಹಿಡದು ಬ್ಯಾರೆ ದಾರಿಗಿ ಒಯ್ದ್ರ ಕಾಣಲಾರದವರು ಏನ್ ಮಾಡಬೇಕ ನೀಲಾ? ಹಾಂ? ನನ್ನ ಗೆಳತಿ ಗಂಡನ ಮಗ್ಗಲ ಬಿಟ್ಟ ಹೋಗಿ ಒಬ್ಬಾಕೀನ ಮಲಗ್ಯಾಳಲ್ಲ!”

ಇಷ್ಟು ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ, ಮಾಡಬಾರದು ಕೂಡ. ಆಮೇಲೆ ಕಣ್ಣೊರೆಸಿಕೊಂಡು, “ಪುಸ್ತಕಾ ತಂದೀಯೇನು?” ಎಂದಳು. “ತಂದೇನಿ.” “ಓದು. ಮ್ಯಾಲಿಂದ ಓದು. ಒಂದಕ್ಷರಾ ಬಿಡಬ್ಯಾಡ.”

ಓದಿದೆ. ಆ ದಿನ ದೂತರಿಗೂ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ ಎಂಬಲ್ಲಿ ಅವಳು ತಡೆದಳು. “ಮಗನಿಗೂ ಗೊತ್ತಿಲ್ಲಂದ್ರ ಪಾಸ್ಟರ್ರಿಗೆ ಎಲ್ಲಿಂದ ಗೊತ್ತಾಕೈತಿ?” ಎಂದಳು. ನೋಹನ ಕಾಲದಲ್ಲಿ ನೀರು ಬಂದು ಜನರನ್ನು ಬಡಿದುಕೊಂಡು ಹೋಯಿತು ಎಂಬಲ್ಲಿ ಮತ್ತೆ ತಡೆದಳು. “ರಾಮದುರ್ಗಕ್ಕ ಹೊಳಿ ಏರಿ ಬಂದಾಗ ನಾ ನೋಡೇನಿ. ಹೊಳಿ ಒಯ್ದದ್ದು ಒಯ್ತು, ಉಳದೋರ ಬದಕಿದ್ರು. ಒಯ್ಯೂದ ಛಲೋ, ಬಿಡೂದ ಕೆಟ್ಟ ಅಂತ ಯಾರ ಹೇಳಿದ್ರು ನಿನಗ?” ನನಗೆ ಅವಳ ದನಿಯಲ್ಲಿ ನಿನ್ನ ದನಿ ಕೇಳುತ್ತಿತ್ತು. ಮುಂದಿನ ಸಾಲಿಗೆ ಬಂದೆ. ಹೊಲದಲ್ಲಿ ಇಬ್ಬರು ಇರುತ್ತಾರೆ ಎನ್ನುವಷ್ಟರಲ್ಲಿ, “ನಿಲ್ಲು” ಎಂದಳು.

“ಇಬ್ಬರೂ ಎಲ್ಲಿರತಾರ?”

“ಹೊಲದಾಗ.”

“ಆ ದಿನಾ ಬರೂತನಾ?”

“ಹೂಂ. ಬರೂತನಾ.”

ಅವಳು ಎಮ್ಮೆಯ ಹತ್ತಿರ ಇದ್ದ ಮಗನನ್ನು ಕೂಗಿ ಕರೆದಳು. “ಸುರೇಶಾ, ಇಲ್ಲಿ ಬಾ. ಇಕಿ ಮುಂದ ಹೇಳಾಕ ಹತ್ತೇನಿ, ಕೇಳು. ನನ್ನನ್ನ ರಾಮದುರ್ಗಕ್ಕ ಒಯ್ಯಬ್ಯಾಡ. ನಿಮ್ಮಪ್ಪನ ಬಾಜೂಕ ಹಾಕು. ಯಾರನ್ನ ಒಯ್ಯಬೇಕು, ಯಾರನ್ನ ಬಿಡಬೇಕು, ಅದನ್ನ ಅಂವ ನೋಡಕೊಳ್ಳಲಿ. ಅಂವ ಬರೂತನಾ ನಾವಿಬ್ಬರೂ ಹೊಲದಾಗ ಇರತೇವಿ.”

ಅವ್ವಾ, ಆ ಸಾಲಿನ ಮೊದಲ ಅರ್ಧಕ್ಕೆ ನಾನು ಕೈ ಹಚ್ಚಿರಲಿಲ್ಲ. ಇಬ್ಬರೂ ಹೊಲದಲ್ಲಿ ಇರುತ್ತಾರೆ ಎಂಬುದನ್ನು ಇದ್ದ ಹಾಗೆಯೇ ಓದಿದ್ದೆ. ಆದರೆ ಕೊನೆಯನ್ನು ಸಿಹಿ ಮಾಡಿ ನಿನಗೆ ಕೊಟ್ಟು, ಆ ಮೊದಲ ಅರ್ಧವೇ ನಿನಗೆ ಬೇಡವಾಗುವಂತೆ ಮಾಡಿದೆ. ಪುಸ್ತಕದಲ್ಲಿ ನಿನಗೆಂದು ಒಂದು ಸಮಾಧಾನ ಇತ್ತು. ಅದು ಸುಳ್ಳಾಗಿರಲಿಲ್ಲ. ಸಿಗುವವರೆಗೆ ಬಿಡದೆ ಜಗಳ ಆಡುವವಳು ನೀನಿದ್ದೆ. ನಾನೇ ನಡುವೆ ಬಂದೆ.

ಹೊರಡುವಾಗ ರೂತವ್ವ ಬಾಗಿಲವರೆಗೆ ಬಂದಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಮುಖ ಕೊಟ್ಟು ಮಾತಾಡಲಿಲ್ಲ. “ಪಾಸ್ಟರ್ರು ಹೊಲಕ್ಕ ಬಂದ್ರ ಬರಲಿ. ಬರಲಿಲ್ಲಂದ್ರ ನೀ ಬಾ. ಬಂದು ನಮ್ಮಿಬ್ಬರ ಮುಂದ ಆ ಸಾಲು ಪೂರಾ ಓದು” ಎಂದಳು. ಬರುತ್ತೇನೆ ಚಿಗವ್ವಾ, ಓದುತ್ತೇನೆ ಎಂದು ಅವಳ ಕೈ ಮುಟ್ಟಿ ಮಾತು ಕೊಟ್ಟೆ. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಆ ಮಾತು ಉಳಿಸಿಕೊಳ್ಳುತ್ತೇನೆ. ಅವಳು ಗಂಡನ ಪಕ್ಕದಲ್ಲಿ ಮಲಗುವ ದಿನ ಆ ಹೊಲದಲ್ಲಿ ನಿಂತು, ಒಬ್ಬರನ್ನು ಬಿಡುತ್ತಾರೆ ಎಂಬಲ್ಲಿಯೂ ದನಿ ಇಳಿಸದೆ ಓದುತ್ತೇನೆ. ಅವಳಿಗೆ ಇಷ್ಟನ್ನು ಮಾಡಬಲ್ಲೆ ಅವ್ವಾ. ನಿನಗೆ ಮಾತ್ರ ಇನ್ನು...

ನಿನ್ನ
ನೀಲಾ